ಕೊನೆಯ ಸ್ಥಾನದ ಕ್ಲಬ್ಬಿನ ಅಧ್ಯಕ್ಷರಿಗೆ

ಅಕ್ಕಲಕೋಟ
ಮೇ ೧೫, ಗುರುವಾರ

ಅವಿನಾಶನ ಅಪ್ಪನವರಿಗೆ,

ಗಿರಿಜೆಯ ನಮಸ್ಕಾರ. ಇಲ್ಲಿ ಚಂದ್ರಭಾಗಾಳ ಮನೆಯಲ್ಲಿ ಎಲ್ಲರೂ ಸೌಖ್ಯ. ನನ್ನ ತಂಗಿಯ ಮೊಣಕಾಲಿಗೆ ಏನೂ ಆಗಿಲ್ಲ. ಇವತ್ತು ಬೆಳಿಗ್ಗೆ ಸ್ವಾಮಿಗಳ ಗುಡಿಗೆ ನನಗಿಂತ ಮುಂದೆ ನಡೆದಳು. ಸೋಮವಾರ ಮನೆ ಬಿಡುವಾಗ ನಿಮಗೆ ಹೇಳಿದ್ದು ನೆಪ. ನೀವೂ ನಂಬಿರಲಿಲ್ಲ, ಆದರೂ ತಲೆಯಾಡಿಸಿ ಬಸ್ ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಡಿಸಿದಿರಿ. ನಮ್ಮಿಬ್ಬರ ಸಂಸಾರ ಇಷ್ಟು ವರ್ಷ ನಡೆದದ್ದು ಇಂಥ ತಲೆಯಾಡಿಸುವಿಕೆಯಿಂದಲೇ.

ಫೋನಿನಲ್ಲಿ ಹೇಳಬಹುದಾಗಿತ್ತು. ಆದರೆ ಅಂಗಡಿಯಲ್ಲಿ ನೀವು ಫೋನನ್ನು ಸ್ಪೀಕರಿಗೆ ಹಾಕಿ ಗಾದಿಯ ಮೇಲೆ ಇಡುತ್ತೀರಿ. ನನ್ನ ಮಾತನ್ನು ಚಾದರ ಕೊಳ್ಳಲು ಬಂದವರೂ ಕೇಳುತ್ತಾರೆ. ಮರಾಠಿಯಲ್ಲಿ ಬರೆದರೆ ಚಷ್ಮಾ ಸಿಗಲಿಲ್ಲವೆಂದು ಅಂಗಡಿಯ ಲೆಕ್ಕ ಬರೆಯುವ ದಿವಾಣಜಿಯ ಕೈಗೆ ಕೊಟ್ಟು ಓದಿಸುತ್ತೀರಿ. ಕನ್ನಡ ಆ ಮನುಷ್ಯನಿಗೆ ಬಾರದು. ಇದನ್ನು ನೀವೇ ಓದಬೇಕು, ಸಾಲೆಯಲ್ಲಿ ಕಲಿತ ಹಾಗೆ ಅಕ್ಷರದ ಕೆಳಗೆ ಬೆರಳಿಟ್ಟು. ಚಂದ್ರಭಾಗಾಳ ಮೈದುನ ಕೈಲಾಸ ನಾಳೆ ಕೆಲಸಕ್ಕೆ ಸೊಲ್ಲಾಪುರಕ್ಕೆ ಬರುವಾಗ ನಿಮ್ಮ ಕೈಗೇ ಕೊಡುತ್ತಾನೆ.

ಮೊದಲು ಸ್ಕಾಟ್ಲೆಂಡಿನ ವಿಷಯ. ನಗಬೇಡಿ.

ಈ ಶನಿವಾರ ಅಲ್ಲಿ, ಫುಟ್ಬಾಲ್ ಲೀಗಿನ ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ ಕೊನೆಗೆ ಬಂದ ಕ್ಲಬ್ಬು, ಹೊರಗಿನಿಂದ ಗೆದ್ದುಬಂದ ಕ್ಲಬ್ಬಿನ ಎದುರು ಎರಡನೆಯ ಪಂದ್ಯ ಆಡುತ್ತದೆ. ಒಂದು ಪಂದ್ಯ ಇವರ ಊರಲ್ಲಿ, ಒಂದು ಅವರ ಊರಲ್ಲಿ. ಸೋತವರು ಕೆಳಗೆ. ಇದಕ್ಕೆ ಯಾರ ಶಿಫಾರಸೂ ಇಲ್ಲ. ಸಣ್ಣ ಊರುಗಳ ಆಟ ಅದು. ಪ್ರೇಕ್ಷಕರು ನಮ್ಮ ಮಂಗಳವಾರದ ಸಂತೆಯಲ್ಲಿ ಬದನೆಕಾಯಿ ಆರಿಸುವ ಜನದಷ್ಟೂ ಇರುವುದಿಲ್ಲ. ಆದರೂ ನಾನು ಶನಿವಾರ ರಾತ್ರಿ ಆ ಫಲಿತಾಂಶಗಳನ್ನು ನೋಡದೆ ಊಟ ಮಾಡುವುದಿಲ್ಲ ಎಂದು ನೀವು ಊರಿಗೆಲ್ಲ ಹೇಳಿ ನಗಿಸಿದ್ದೀರಿ. 'ಗ್ಲಾಸ್ಗೋದ ವಕೀಲಬಾಯಿ' ಎಂದು ನನಗೆ ಹೆಸರಿಟ್ಟವರೂ ನೀವೇ.

ಈ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ದುಡಿಯುತ್ತಿದ್ದ ಗಿರಣಿಯ ಮಗ್ಗದ ಖಾತೆಗೆ ಸ್ಕಾಟ್ಲೆಂಡಿನ ಡಂಡಿಯಿಂದ ಬಂದ ಒಬ್ಬ ಮಾಸ್ತರ ಇದ್ದನಂತೆ. ಕೆಲಸಗಾರರಿಗೆ ಚೆಂಡು ಕೊಟ್ಟು ಆಡಲು ಕಲಿಸಿದವನು ಅವನೇ. ಅವನು ತನ್ನ ದೇಶಕ್ಕೆ ಹೋದ ಮೇಲೂ ಅಪ್ಪ ಅವನ ಊರಿನ ಸುದ್ದಿಯನ್ನು ಇಂಗ್ಲಿಷ್ ಪೇಪರಿನಲ್ಲಿ ಹುಡುಕುತ್ತಿದ್ದರು. ದೊಡ್ಡ ಕ್ಲಬ್ಬುಗಳ ಸುದ್ದಿಯಷ್ಟೇ ಇರುತ್ತಿತ್ತು. ಸಣ್ಣವು ಏನಾದವು ಎಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ನನಗೆ ಫೋನು ಬಂದ ದಿನ ಮೊದಲು ಹುಡುಕಿದ್ದು ಅದನ್ನೇ.

ಹುಡುಕಿದಾಗ ಕಂಡದ್ದೇನು? ತಲೆಮಾರುಗಳ ಕಾಲ ಅಲ್ಲಿಯೂ ಕೆಳಗಿನಿಂದ ಬರಲು ಬಾಗಿಲಿರಲಿಲ್ಲ. ಕೊನೆಗೆ ಬಂದವರು ಕೊನೆಯಲ್ಲೇ ಆರಾಮಾಗಿ ಇರಬಹುದಿತ್ತು. ಹೊರಗಿನವರನ್ನು ಸೇರಿಸಬೇಕೋ ಬೇಡವೋ ಎಂದು ಒಳಗಿನವರೇ ಕೂತು ಮತ ಹಾಕುತ್ತಿದ್ದರು. ಹತ್ತು ವರ್ಷದ ಆಚೆಗಷ್ಟೇ ಬಾಗಿಲು ತೆರೆಯಿತು. ಮೊದಲು ಇಳಿದದ್ದು ಈಸ್ಟ್ ಸ್ಟರ್ಲಿಂಗ್‌ಶೈರ್ ಎಂಬ ಶತಮಾನದ ಹಳೆಯ ಕ್ಲಬ್ಬು. ಆ ಸುದ್ದಿ ಓದಿದ ದಿನ ನಾನು ಅತ್ತೆ, ನೆನಪಿದೆಯೇ? ಯಾರು ಸತ್ತರು ಎಂದು ನೀವು ಕೇಳಿದಿರಿ. ನನಗೆ ಇಳಿದವರ ದುಃಖವಷ್ಟೇ ಅಲ್ಲ. ಇಳಿಯಬಲ್ಲರಲ್ಲ ಎಂಬ ಗೌರವ. ಸೋತು, ಕೈಕುಲುಕಿ, ಮರುವರ್ಷ ಸಣ್ಣ ಮೈದಾನಗಳಿಗೆ ಆಡಲು ಹೋದರು.

ನಮ್ಮ ಸೊಲ್ಲಾಪುರದ ಲೀಗಿನ ಕಥೆಯನ್ನೂ ಒಮ್ಮೆ ನನ್ನ ಮಾತಿನಲ್ಲಿ ಕೇಳಿ. ನಿಮ್ಮ ನೆನಪು ಅನುಕೂಲಕ್ಕೆ ತಕ್ಕಂತೆ ಮಾಸುತ್ತದೆ, ನನ್ನದು ಹಾಗಲ್ಲ. ಮಾವನವರ ಕಾಲದಿಂದ ಮೊದಲ ದರ್ಜೆಯಲ್ಲಿ ಅವೇ ಎಂಟು ಕ್ಲಬ್ಬು ಇದ್ದವು. ಎಲ್ಲವೂ ನಗರದವು, ಎಲ್ಲದಕ್ಕೂ ಸ್ವಂತ ಮೈದಾನ. ಹಳ್ಳಿಯ ಮತ್ತು ಗಿರಣಿ ಚಾಳಿನ ಹುಡುಗರಿಗೆ ಎರಡನೆಯ ದರ್ಜೆ. ಅವರು ಎಷ್ಟು ಗೆದ್ದರೂ ಎರಡನೆಯದೇ. ಇದು ಅನ್ಯಾಯ ಎಂದು ಪೇಪರಿಗೆ ಬರೆದೆ, ಮರಾಠಿಯಲ್ಲೂ ಕನ್ನಡದಲ್ಲೂ. ನಿಮ್ಮ ಸಭೆಗೆ ಬಂದು ಸ್ಕಾಟ್ಲೆಂಡಿನ ಉದಾಹರಣೆ ಕೊಟ್ಟೆ. ಕೊನೆಗೆ ನನ್ನ ಬಾಯಿ ಮುಚ್ಚಿಸಲು ನನ್ನನ್ನೇ ನಿಯಮ ಸಮಿತಿಯ ಮುಖ್ಯಸ್ಥೆ ಮಾಡಿದಿರಿ. ಮೊದಲ ದರ್ಜೆಯ ಕೊನೆಯವರು, ಎರಡನೆಯ ದರ್ಜೆಯ ಮೊದಲಿಗರು, ಇಬ್ಬರ ನಡುವೆ ಎರಡು ಪಂದ್ಯ — ಆ ನಿಯಮ ಬರೆದವಳು ನಾನು.

ಅದರ ಕೆಳಗೆ ಇನ್ನೊಂದು ನಿಯಮ ಬರೆದವಳೂ ನಾನೇ. ಅಲ್ಲಿ ಪರವಾನಗಿ ಇಲ್ಲದ ಕ್ಲಬ್ಬು ಗೆದ್ದರೂ ಮೇಲೆ ಬರುವಂತಿಲ್ಲ ಎಂದು ಓದಿದ್ದೆ. ಎಷ್ಟು ಶಿಸ್ತು ಎಂದು ಮೆಚ್ಚಿ ಇಲ್ಲಿಗೂ ತಂದೆ: ಮೇಲೆ ಬರುವ ಕ್ಲಬ್ಬಿಗೆ ಸ್ವಂತ ಮೈದಾನ ಇರಬೇಕು. ಎದುರಾಳಿಗಳು ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇರಬೇಕು. ಕುಡಿಯುವ ನೀರಿನ ವ್ಯವಸ್ಥೆ ಇರಬೇಕು. ಆಟಗಾರರಿಗೆ ಅನುಕೂಲವಾಗಲಿ ಎಂದೇ ಬರೆದದ್ದು. ಇಷ್ಟು ವರ್ಷ ಆ ನಿಯಮ ಯಾರಿಗೂ ತಾಗಲಿಲ್ಲ, ಏಕೆಂದರೆ ಮೇಲೆ ಬಂದವರೆಲ್ಲ ನಗರದೊಳಗಿನ ಕ್ಲಬ್ಬುಗಳು.

ಈ ವರ್ಷ ಎರಡನೆಯ ದರ್ಜೆಯಲ್ಲಿ ಮೊದಲು ಬಂದದ್ದು ವಳಸಂಗದ ಪ್ರಬುದ್ಧ ಕ್ರೀಡಾ ಮಂಡಳ. ಮೊದಲ ದರ್ಜೆಯಲ್ಲಿ ಕೊನೆಗೆ ಬಂದದ್ದು ನಮ್ಮ ವಿಜಯ ಸ್ಪೋರ್ಟಿಂಗ್. ಮಾವನವರು ಕಟ್ಟಿದ, ನೀವು ಅಧ್ಯಕ್ಷರಾಗಿರುವ, ನಮ್ಮ ಮಗ ಅವಿನಾಶ ಗೋಲು ಕಾಯುವ ಕ್ಲಬ್ಬು.

ಮೈದಾನ ನೋಡಲು ನನ್ನನ್ನೂ ನಮ್ಮ ನಿಯಮ ಸಮಿತಿಯ ಹುಡುಗ ಸೋಮೇಶನನ್ನೂ ಕಳಿಸಲು ನಿರ್ಧಾರವಾದಾಗ ಯಾರೂ ಆಕ್ಷೇಪಿಸಲಿಲ್ಲ. ವಳಸಂಗದವರೂ ಆಕ್ಷೇಪಿಸಲಿಲ್ಲ. ಅವರ ಕಾರ್ಯದರ್ಶಿ ಶಿವರಾಯ ಸಭೆಯಲ್ಲೇ ಎದ್ದು ನಿಂತು, "ಗಿರಿಜಾ ಅಕ್ಕಾರು ಬರ್ತಾರಂದ್ರ ನಮಗ ಚಿಂತಿ ಇಲ್ರಿ. ಅವ್ರು ಮನಿ ನೋಡಿ ಮಾತಾಡೂ ಪೈಕಿ ಅಲ್ಲ" ಎಂದ. ನಾನು ಸೆರಗು ಸರಿಮಾಡಿಕೊಂಡು ಕೂತೆ. ಎಂಥ ಹೆಮ್ಮೆಯಾಗಿತ್ತು ನನಗೆ.

ಕಾರು ನಮ್ಮದು ಎಂಬ ಕಾರಣಕ್ಕೆ ನೀವೂ ಬಂದಿರಿ.

ಭಾನುವಾರ ಅಲ್ಲಿ ನಾವು ಕಂಡದ್ದನ್ನು ನೀವೂ ಕಂಡಿರಿ. ಎರೆ ನೆಲವನ್ನು ರೋಲರಿಲ್ಲದೆ, ಸಿಮೆಂಟಿನ ಪೈಪನ್ನು ಉರುಳಿಸಿ ಸಮ ಮಾಡಿದ್ದರು. ಗೋಲಿನ ಕಂಬಗಳಿಗೆ ಹೊಸ ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಸೋಮೇಶನ ಬಿಳಿ ಅಂಗಿಗೆ ಹತ್ತಿಯೂ ಹತ್ತಿತು. ಮೈದಾನದ ಪಕ್ಕಕ್ಕೇ ಸಮಾಜ ಮಂದಿರ. ಒಳಗೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ. ಅದಕ್ಕೆ ತಾಗಿ ಪಕ್ಕದಲ್ಲಿ ಒಂದು ಬೇರೆಯೇ ಕೋಣೆ, ಬೇರೆಯೇ ಬಾಗಿಲು. ಗೋಡೆಗೆ ಸಾಲಾಗಿ ಮೊಳೆ ಹೊಡೆದು ಅಂಗಿ ನೇತುಹಾಕಲು ಜಾಗ ಮಾಡಿದ್ದರು. ಮೂಲೆಯಲ್ಲಿ ಕನ್ನಡಿ. ನಮ್ಮ ವಿಜಯ ಸ್ಪೋರ್ಟಿಂಗಿನ ಹುಡುಗರಿಗೆ ಇವತ್ತಿನವರೆಗೂ ಕನ್ನಡಿ ಇಲ್ಲ. ಅವರು ನಿಮ್ಮ ಕಾರಿನ ಕಿಟಕಿಯಲ್ಲಿ ತಲೆ ಬಾಚುತ್ತಾರೆ.

ಶಿವರಾಯನ ತಾಯಿ ಕಮಳಾಬಾಯಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಮಣ್ಣಿನ ದೊಡ್ಡ ಮಡಕೆ, ಅದರ ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಸ್ಟೀಲಿನ ಲೋಟಗಳು. ಹೊಚ್ಚ ಹೊಸವು. ನನ್ನ ಕೈಗೆ ಬಂದ ಲೋಟಕ್ಕೆ ಅಂಗಡಿಯ ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾವು ಬರುತ್ತೇವೆಂದು ಕೊಂಡದ್ದು. ತಮ್ಮ ಮನೆಯಲ್ಲಿ ಬಳಸಿದ ಲೋಟ ಕೊಟ್ಟರೆ ನಾವು ಮುಟ್ಟುವುದಿಲ್ಲ ಎಂದು ಅವರೇ ಮುಂದಾಗಿ ಯೋಚಿಸಿ, ನಮಗೆ ಮುಜುಗರವಾಗದಂತೆ ಮಾಡಿದ್ದರು. ಅತಿಥಿಗಳ ಸಣ್ಣತನಕ್ಕೆ ಆತಿಥ್ಯ ಮಾಡುವವರು ಹೀಗೆ ಪೇಟೆಗೆ ಹೋಗಿ ಬರುವುದನ್ನು ಈ ವಯಸ್ಸಿನಲ್ಲಿ ನಾನು ಮೊದಲ ಸಲ ಕಂಡೆ. ಮೊದಲ ಸಲ ಗಮನಿಸಿದೆ ಎನ್ನಬೇಕು.

ನೀವು ಏನು ಮಾಡಿದಿರಿ? ಎರಡೂ ಕೈ ಜೋಡಿಸಿ, "ಬ್ಯಾಡ್ರಿ ಬಾಯಾರ, ನನಗ ಇವತ್ತ ಉಪಾಸ" ಎಂದಿರಿ.

"ಉಪಾಸಕ್ಕ ನೀರ ನಡೀತದಲ್ರಿ ಅಣ್ಣಾರ?" ಎಂದರು ಕಮಳಾಬಾಯಿ. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೇ ಕೇಳಿದರು.

"ಕಡಕ್ ಉಪಾಸ ಅದರಿ ಇದು" ಎಂದಿರಿ ನೀವು.

ಆ ಕಡಕ್ ಉಪವಾಸ ವಳಸಂಗ ಸ್ಟ್ಯಾಂಡಿನವರೆಗೂ ಉಳಿಯಲಿಲ್ಲ. ಅಲ್ಲಿ ಕಾರು ನಿಲ್ಲಿಸಿ, ಮೆಣಸಿನಕಾಯಿ ಭಜಿ ತಿಂದು, ಮೇಲೆ ಎರಡು ಕಪ್ ಚಹಾ ಕುಡಿದಿರಿ. ಸೋಮೇಶನಂತೂ ಕಮಳಾಬಾಯಿಯ ಎದುರಿನಲ್ಲೇ ಕಾರಿಗೆ ಹೋಗಿ ಬಾಟಲಿ ತಂದು, "ಡಾಕ್ಟರ್ ಹೇಳ್ಯಾರ್ರಿ, ಹೊರಗಿಂದು ಬ್ಯಾಡಂತ" ಎಂದು ಗಟಗಟ ಕುಡಿದ. ಅದೇ ಡಾಕ್ಟರು ಭಜಿಯ ಬಗ್ಗೆ ಏನೂ ಹೇಳಿರಲಿಲ್ಲ. ನಾನೊಬ್ಬಳಾದರೂ ಆ ಲೋಟದ ನೀರು ಕುಡಿದೆ. ಮಡಕೆಯ ನೀರು, ತಂಪಾಗಿತ್ತು. ಅಷ್ಟಾದರೂ ಮರ್ಯಾದೆ ನಮ್ಮ ಮನೆಗೆ ಉಳಿಯಿತು ಎಂದು ಆಗ ಅಂದುಕೊಂಡೆ.

ಕಾರಿನಲ್ಲಿ ಮರಳುವಾಗ ನಡೆದ ಮಾತು ನಿಮಗೆ ಮರೆತಿದ್ದರೆ ನನಗೆ ಮರೆತಿಲ್ಲ. ಸೋಮೇಶ ವರದಿಯನ್ನು ಫೋನಿನಲ್ಲೇ ಬರೆಯತೊಡಗಿದ. "ಕಾಕು, ಖೋಲಿ ಅಂದ್ರ ಅದು ಗುಡಿ ಜಾಗಾ ಆತು. ನಾಳಿ ಅವರ ಕಾರ್ಯಕ್ರಮ ಇತ್ತಂದ್ರ ನಮ್ಮ ಹುಡುಗೂರು ರಸ್ತಾದಾಗ ನಿಂತು ಚಡ್ಡಿ ಬದಲಸೂದೇನು?" ಎಂದ. ಬೇರೆ ಬಾಗಿಲಿದೆಯಲ್ಲ ಎಂದೆ. ನೀವು ನಕ್ಕಿರಿ. "ನೀರಿಂದೂ ಬರಿ ಸೋಮೇಶ. ನಳ ಎಲ್ಲದ ಅಲ್ಲಿ? ಕೊಡಾ ತುಂಬಿ ಇಟ್ರ ವ್ಯವಸ್ಥಾ ಆಗ್ತದೇನು?" ಎಂದಿರಿ. ನಾನು ತಕರಾರು ಮಾಡಿದೆ. ಆಗ ಹಿಂದಿನ ಸೀಟಿಗೆ ತಿರುಗಿ ನೀವು ಹೇಳಿದ್ದು: "ನಿಯಮ ಬರದಾಕಿ ನೀನ. ಈಗ ನಿನ್ನ ನಿಯಮ ನಿನಗ ಭಾರ ಆತೇನು, ವಕೀಲಬಾಯಿ?"

ಅದು ತಾಗಿತು. ನನಗೆ ತಾಗುವ ಜಾಗ ನಿಮಗೆ ಗೊತ್ತು.

ನಂತರ ನೀವು ಮೆತ್ತಗೆ, ಸಿಟ್ಟಿಲ್ಲದೆ, ಬುದ್ಧಿ ಹೇಳುವ ಹಾಗೆ ಹೇಳಿದಿರಿ: "ಆಡ್ಲಿ ಗಿರಿಜಾ, ಯಾರ ಬ್ಯಾಡ ಅಂತಾರ? ಎರಡನೇ ದರ್ಜಾದಾಗ ಆಡ್ಲಿ. ಅಲ್ಲಿ ಎಲ್ಲಾರೂ ಕಾರ್ಪೊರೇಶನ್ ಮೈದಾನಕ್ಕ ಬಂದು ಆಡ್ತಾರ, ಯಾರಿಗೂ ತ್ರಾಸಿಲ್ಲ. ಮ್ಯಾಲ ಬಂದ್ರ ವರ್ಷಾ ಎಲ್ಲಾ ಕ್ಲಬ್ಬಿನವ್ರೂ ಅಲ್ಲಿಗೆ ಹೋಗಬೇಕಾಗ್ತದ. ನಮ್ಮ ಹುಡುಗೂರ ಮನ್ಯಾಗಿನವ್ರು ಏನಂತಾರ, ಅದನ್ನೂ ನೋಡಬೇಕಲ್ಲ?" ಆ ಮಾತಿನಲ್ಲಿ ಎಲ್ಲವೂ ಇತ್ತು. ಅವರು ನಮ್ಮ ಕಡೆಗೆ ಬರಬಹುದು. ನಾವು ಅವರ ಕಡೆಗೆ ಹೋಗಿ ಅಂಗಿ ಕಳಚಿ ನೀರು ಕುಡಿಯಬಾರದು.

ವಿಜಾಪುರ ರಸ್ತೆಯ ನಮ್ಮ ಮನೆಯ ಗೇಟಿಗೆ ಸೋಮೇಶ ಕಾಗದ ಅಚ್ಚು ಹಾಕಿಸಿಕೊಂಡು ಬಂದ. 'ಬಟ್ಟೆ ಬದಲಿಸಲು ಯೋಗ್ಯ ಕೋಣೆ ಇಲ್ಲ. ಕುಡಿಯುವ ನೀರಿನ ವ್ಯವಸ್ಥೆ ಇಲ್ಲ.' ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿದೆ. ಬಾನೆಟ್ಟು ಇನ್ನೂ ಬಿಸಿಯಿತ್ತು.

ಹೌದು, ನಾನೇ ಮಾಡಿದೆ. ನೀವು ಕೈ ಹಿಡಿದು ಮಾಡಿಸಲಿಲ್ಲ. ಅಡುಗೆಯ ಹೊತ್ತಾಗಿತ್ತು, ಮನೆಯಲ್ಲಿ ಜಗಳ ಬೇಡವೆನಿಸಿತು, ಇದು ಅವಿನಾಶ ಆಡುವ ಕೊನೆಯ ವರ್ಷವಿರಬಹುದು ಎನಿಸಿತು, ನಿಯಮ ನನ್ನದೇ ಅಲ್ಲವೇ ಎನಿಸಿತು. ಇಷ್ಟೆಲ್ಲ ಕಾರಣ ಒಂದು ಸಹಿಗೆ ಬೇಕಾಗುತ್ತವೆ ಎಂದರೆ ಆ ಸಹಿ ಎಂಥದೆಂದು ಅಲ್ಲೇ ತಿಳಿಯಬೇಕಿತ್ತು. ಪೇಪರಿನಲ್ಲಿ ಸಮಾನತೆಯ ಮೇಲೆ ನನ್ನ ಎಷ್ಟು ಪತ್ರ ಅಚ್ಚಾಗಿವೆ! ಯಾರದೋ ಊರಿನ ಬಾವಿ, ಯಾರದೋ ಹೋಟೆಲಿನ ಕಪ್ಪು. ನಮ್ಮ ಕಾರಿನ ಬಗ್ಗೆ ಬರೆಯುವ ಪ್ರಸಂಗ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಶಿವರಾಯನ ಫೋನು ಬಂತು. ವರದಿ ಅವನಿಗೆ ಮುಟ್ಟಿತ್ತು. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. "ಅಕ್ಕಾರ, ನೀರ ಇಲ್ಲಂತ ನೀವು ಬರದೀರಂತ. ಹೌದೇನ್ರಿ?" ಅಷ್ಟೇ ಕೇಳಿದ. ನಾನು ಫೋನು ಇಟ್ಟೆ. ಇಷ್ಟು ವರ್ಷದಲ್ಲಿ ಒಂದು ಪ್ರಶ್ನೆಗೆ ನಾನು ಉತ್ತರ ಕೊಡದೆ ಹೋದದ್ದು ಅದೇ ಮೊದಲು. ಅದಾದ ಮೇಲೆಯೇ ಚಂದ್ರಭಾಗಾಳ ಮೊಣಕಾಲು ನೋಯತೊಡಗಿತು.

ಅವಿನಾಶನೂ ಮಂಗಳವಾರ ಫೋನಿನಲ್ಲಿ ಮಾತಾಡಿದ. ವಳಸಂಗದ ಸೋನು, ಅವರ ಗೋಲು ಹೊಡೆಯುವ ಹುಡುಗ, ಸೊಲ್ಲಾಪುರದ ಪವರ್‌ಲೂಮಿಗೆ ಕೆಲಸಕ್ಕೆ ಬರುತ್ತಾನಲ್ಲ, ಚಹಾದ ಗಾಡಿಯ ಹತ್ತಿರ ಎಲ್ಲರೆದುರು ಇವನನ್ನು ಹಿಡಿದನಂತೆ. "ಏನಪಾ ಗೋಲ್‌ಕೀಪರ, ನನ್ನ ಹೊಡ್ತಕ್ಕ ಅಂಜಿ ಅವ್ವನ ಕೈಲೆ ಬಾಗಲಾ ಹಾಕಿಸಿದೇನು? ಭಾರಿ ಸೇವ್ ಮಾಡಿದಿ ಬಿಡು!" ಎಂದನಂತೆ. ಸುತ್ತಲಿದ್ದವರು ನಕ್ಕರಂತೆ. ನಮ್ಮ ಮಗ ನನಗೆ ಹೇಳಿದ: "ಅವ್ವಾ, ಆಡಿ ಸೋತ್ರ ಸೋಲ್ತೀವಿ. ಕೆಳಗ ಹೋಗಿ ಮತ್ತ ಬರ್ತೀವಿ. ಹಿಂಗ ಉಳದ್ರ ನಾ ಮುಂದಿನ ವರ್ಷ ಗ್ಲೋವ್ಸ್ ಹಾಕ್ಕೊಳ್ಳಾಂಗಿಲ್ಲ. ಅಪ್ಪಗ ಹೇಳಾಕ ನನಗ ಆಗೂದಿಲ್ಲ." ಅವನಿಗೆ ನಿಮಗೆ ಹೇಳಲು ಆಗುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಸಾಂಕ್ರಾಮಿಕದ ವರ್ಷ ಸ್ಕಾಟ್ಲೆಂಡಿನಲ್ಲಿ ಈ ಪಂದ್ಯಗಳು ನಡೆಯಲೇ ಇಲ್ಲ. ಕೊನೆಗೆ ಬಂದ ಕ್ಲಬ್ಬು ಹಾಗೇ ಉಳಿಯಿತು. ಹೊರಗೆ ಗೆದ್ದವರು ಹೊರಗೇ ನಿಂತರು. ಆಗ ನಾನು ಕೆಂಡವಾಗಿ ಗ್ಲಾಸ್ಗೋದ ಲೀಗ್ ಕಚೇರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದೆ. ಲಕೋಟೆಗೆ ಅಂಟು ಹಚ್ಚಿದವರು ನೀವೇ, ನಗುನಗುತ್ತಾ. ಉತ್ತರ ಬರಲಿಲ್ಲ. ಮರುವರ್ಷ ಅದೇ ಕ್ಲಬ್ಬು ಮತ್ತೆ ಕೊನೆಗೆ ಬಂದು, ಆಡಿ, ಸೋತು, ಇಳಿಯಿತು. ಅಲ್ಲಿ ರೋಗದ ಕಾರಣವಾದರೂ ಇತ್ತು. ನಮಗೆ ಇರುವ ಕಾರಣವನ್ನು ಯಾವ ಭಾಷೆಯಲ್ಲಿ ಬರೆದು ಯಾವ ಊರಿಗೆ ಕಳಿಸೋಣ?

ಅಪ್ಪನ ತಂಡದ ಬಗ್ಗೆ ಒಂದು ಮಾತು ಯಾವತ್ತೂ ನಿಮಗೆ ಹೇಳಿಲ್ಲ. ಗಿರಣಿಯ ತಂಡದಲ್ಲಿ ಎಡಗಡೆ ಆಡುವ ಅಮೋಗಸಿದ್ಧ ಎಂಬವರಿದ್ದರು. ನಾನು ಚಿಕ್ಕವಳು, ಆಟ ನೋಡಲು ಹೋಗುತ್ತಿದ್ದೆ. ಅವರು ಗೋಲು ಹೊಡೆದಾಗ ಎಲ್ಲರೂ ಅವರನ್ನು ತಬ್ಬಿ ಎತ್ತಿಕೊಳ್ಳುತ್ತಿದ್ದರು, ನಮ್ಮಪ್ಪನೂ. ಅದು ನಡೆಯುತ್ತಿತ್ತು. ಅರ್ಧ ಆಟಕ್ಕೆ ತಾಮ್ರದ ಕೊಡ ಬರುತ್ತಿತ್ತು. ಉಳಿದವರು ತಂಬಿಗೆಯಿಂದ ಕುಡಿಯುತ್ತಿದ್ದರು. ಅಮೋಗಸಿದ್ಧ ಬದಿಗೆ ಬಾಗಿ ಬೊಗಸೆ ಒಡ್ಡುತ್ತಿದ್ದರು, ಯಾರೋ ಮೇಲಿನಿಂದ ಸುರಿಯುತ್ತಿದ್ದರು. ಮೊಣಕೈಯಿಂದ ಅರ್ಧ ನೀರು ನೆಲಕ್ಕೆ ಹೋಗುತ್ತಿತ್ತು. ಅಪ್ಪ ಒಳ್ಳೆಯವರು. ಡಂಡಿಯ ಮಾಸ್ತರನ ನ್ಯಾಯಬುದ್ಧಿಯನ್ನು ಸಾಯುವವರೆಗೆ ಹೊಗಳಿದರು. ಈ ಬೊಗಸೆಯ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ನಮ್ಮಂಥ ಒಳ್ಳೆಯವರು ಹೀಗೆ ಯಾವುದನ್ನು ಬಿಟ್ಟು ಯಾವುದನ್ನು ನೆನಪಿಡುತ್ತೇವೆ ಎಂದು ಇಲ್ಲಿ ಬಂದ ಮೇಲೆ ಯೋಚಿಸುತ್ತಿದ್ದೇನೆ.

ಈಗ ಕೆಲಸದ ಮಾತು. ಈ ಭಾನುವಾರದ ಸಭೆಯಲ್ಲಿ ವರದಿ ಒಪ್ಪಿಗೆಯಾದರೆ ವಳಸಂಗ ಅಲ್ಲೇ ಉಳಿಯುತ್ತದೆ, ನಾವು ಆಡದೆಯೇ ಮೇಲೆ ಉಳಿಯುತ್ತೇವೆ. ಅದಕ್ಕೆ ಮುಂಚೆ ನೀವೇ, ವಿಜಯ ಸ್ಪೋರ್ಟಿಂಗಿನ ಅಧ್ಯಕ್ಷರಾಗಿ, ಎದ್ದು ನಿಂತು ನಮಗೆ ಆಡಬೇಕಾಗಿದೆ ಎಂದು ಹೇಳಿ. ಒಂದು ಪಂದ್ಯ ನಮ್ಮಲ್ಲಿ, ಒಂದು ವಳಸಂಗದಲ್ಲಿ. ನೀವು ಹೇಳಿದರೆ ಸೋಮೇಶನೂ ತಲೆಯಾಡಿಸುತ್ತಾನೆ. ಅವನ ಧೈರ್ಯ ನಿಮ್ಮ ಮುಖ ನೋಡಿ ಬರುವಂಥದು. ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಸಭೆಗೆ ಬರುತ್ತೇನೆ, ವರದಿ ಸುಳ್ಳು, ಸಹಿ ಮಾಡಿದ ನಾನೂ ಸುಳ್ಳಿ ಎನ್ನುತ್ತೇನೆ. ಆಗ ಎಂಟು ಕ್ಲಬ್ಬಿನವರ ಎದುರು ನಿಮ್ಮ ಹೆಂಡತಿ ನಿಮ್ಮ ಮೇಲೆ ಬಿದ್ದಳು ಎಂದಾಗುತ್ತದೆ. ಅದು ನನಗೆ ಇಷ್ಟವಿಲ್ಲ. ಅದಕ್ಕೇ ಮೂರು ದಿನ ಮುಂಚೆ ಬರೆಯುತ್ತಿದ್ದೇನೆ.

ಸೋಲುತ್ತೇವೆ, ಗೊತ್ತು. ಆ ಸೋನುವಿನ ಕಾಲು ನಾನು ನೋಡಿದ್ದೇನೆ. ಮಾವನವರ ಕ್ಲಬ್ಬು ಎರಡನೆಯ ದರ್ಜೆಗೆ ಇಳಿಯುತ್ತದೆ. ಇಳಿಯಲಿ. ಮಾವನವರು ಕ್ಲಬ್ಬು ಕಟ್ಟಿದ್ದು ಆಡಲಿಕ್ಕೆ.

ಫ್ರಿಜ್ಜಿನಲ್ಲಿ ಶೇಂಗಾ ಚಟ್ನಿ ಇದೆ. ಬಿಪಿ ಗುಳಿಗೆ ಬಿಡಬೇಡಿ.

ಇಂತಿ,
ನಿಮ್ಮ ನಿಯಮ ಸಮಿತಿಯವಳು, ನಿಮ್ಮ ಮನೆಯವಳೂ ಹೌದು,
ಗಿರಿಜಾ

ತಾ.ಕ. — ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ. ಅಂಟು ಹಚ್ಚಲು ಆಗಲಿಲ್ಲ, ಮತ್ತೆ ಬಿಚ್ಚಿದೆ.

ನಾನು ಆ ನೀರು ಕುಡಿಯಲಿಲ್ಲ. ತಂಪಾಗಿತ್ತು ಎಂದು ಮೇಲೆ ಬರೆದದ್ದು ಲೋಟ ಹಿಡಿದ ಕೈಗೆ ಗೊತ್ತಾದದ್ದು, ಬಾಯಿಗಲ್ಲ. ನೀವಿಬ್ಬರೂ ಕಾರಿನ ಕಡೆ ತಿರುಗಿದಾಗ, ಬಾಗಿಲ ಪಕ್ಕದಲ್ಲಿ ತಗಡಿನ ಬೇಲಿ ಕಟ್ಟಿ ಬೆಳೆಸಿದ ಅರಳಿ ಸಸಿಯ ಬುಡಕ್ಕೆ ಸುರಿದೆ. ಯಾಕೆ ಎಂದು ಕೇಳಬೇಡಿ. ಕೈ ತಾನೇ ಬಾಗಿತು. ಇಷ್ಟೆಲ್ಲ ಓದಿದ ತಲೆಗೆ ಆ ಕೈಯನ್ನು ತಡೆಯಲು ಆಗಲಿಲ್ಲ. ತಿರುಗಿದರೆ ಕಮಳಾಬಾಯಿ ನಿಂತಿದ್ದರು. ಒದ್ದೆಯಾದ ಮಣ್ಣು ನೋಡಿದರು, ನನ್ನ ಕೈಯಿಂದ ಲೋಟ ತೆಗೆದುಕೊಂಡರು. ನಾನು ಕುಡಿಯದ ನೀರನ್ನು ಇಲ್ಲ ಎಂದು ಬರೆಯುವುದು ಆಮೇಲೆ ಕಷ್ಟವಾಗಲಿಲ್ಲ.

ನಿನ್ನೆ ಚಂದ್ರಭಾಗಾಳಿಗೂ ಹೇಳದೆ ಸೊಲ್ಲಾಪುರದ ಬಸ್ಸು ಹತ್ತಿ ವಳಸಂಗದಲ್ಲಿ ಇಳಿದೆ. ಕಮಳಾಬಾಯಿಯ ಮನೆ ಹುಡುಕಿಕೊಂಡು ಹೋದೆ. ಕಟ್ಟೆಯ ಮೇಲೆ ಕೂಡಿಸಿದರು, ಬೀಸಣಿಗೆ ಕೊಟ್ಟರು. ಬಿಸಿಲಿಗೆ ನಾಲಿಗೆ ಅಂಟಿಕೊಂಡಿತ್ತು. ನೀರು ಕೊಡಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಕುಡಿಯಾಕ ಬಂದೀರೋ, ತೋರಸಾಕ ಬಂದೀರೋ, ಅಕ್ಕಾರ?" ಎಂದರು. ನಾನು ತಲೆ ತಗ್ಗಿಸಿದೆ. ಆಗ ನನ್ನ ಪಕ್ಕ ಕೂತು, ಮೆತ್ತಗೆ ಹೇಳಿದರು: "ನೀರಿಗೇನ್ರಿ, ಮಡಕಿ ತುಂಬ ಅದ. ಇವತ್ತ ಕೊಡಾಂಗಿಲ್ಲ. ಇವತ್ತ ಕುಡದ್ರ ನಿಮಗ ಹಗೂರ ಆಗ್ತದ, ನಮ್ಮ ಹುಡುಗೂರ ಮ್ಯಾಚ್ ಹಂಗೇ ಉಳೀತದ. ನಿಮ್ಮ ಮಂದಿ ಬಂದು ಆ ಖೋಲ್ಯಾಗ ಅಂಗಿ ಬದಲಸಿ ಆಡ್ಲಿ. ಅವರ ಜೋಡಿ ಬರ್ರಿ. ಅವತ್ತ ಎಲ್ಲಾರಿಗೂ ನಾನ ಕೊಡ್ತೀನಿ."

ಸ್ಟ್ಯಾಂಡಿನಲ್ಲಿ, ನೀವು ಭಜಿ ತಿಂದ ಅದೇ ಅಂಗಡಿಯಲ್ಲಿ, ನೀರಿನ ಬಾಟಲಿ ಸಿಗುತ್ತಿತ್ತು. ಕೊಳ್ಳಲಿಲ್ಲ. ಅಕ್ಕಲಕೋಟದವರೆಗೆ ಬಾಯಿ ಒಣಗಿಸಿಕೊಂಡೇ ಬಂದೆ.